ಸದ್ದಿಲ್ಲದ ಕಾರು ಸದ್ದು ಮಾಡಿದಾಗ...

ದಾವಣಗೆರೆ: ಹರಿಹರ ತಾಲ್ಲೂಕಿನ ಭಾನುವಳ್ಳಿಯಿಂದ ಹರಿಹರದ ಮೂಲಕ ದಾವಣಗೆರೆಗೆ ನಿತ್ಯ ಓಡಾಡುವ ಎಲೆಕ್ಟ್ರಿಕ್ ಕಾರೊಂದನ್ನು ಊಹಿಸಿಕೊಳ್ಳಿ. ಕೊಂಡು ಎರಡು ವರ್ಷವಾಗಿದೆ. ಇದುವರೆಗೆ ತುಟಿ ಬಿಚ್ಚದ ಕಾರು, ವೇಗ 60 ಕಿ.ಮೀ. ದಾಟುತ್ತಿದ್ದಂತೆ ಒಂದು ದಿನ 'ಗುಂಯ್' ಎನ್ನತೊಡಗುತ್ತದೆ. ಮಾಲೀಕರ ಮನಸ್ಸಿಗೆ ಮೊದಲು ಬರುವುದು ಮೋಟಾರು, ನಂತರ ಬ್ಯಾಟರಿ, ಆಮೇಲೆ ಲಕ್ಷದ ಲೆಕ್ಕದ ಬಿಲ್ಲು.

ಆದರೆ ಇಂಥ ಸದ್ದಿನ ಮೂಲ ಬಹಳಷ್ಟು ಸಂದರ್ಭಗಳಲ್ಲಿ ಮೋಟಾರೂ ಅಲ್ಲ, ಬ್ಯಾಟರಿಯೂ ಅಲ್ಲ. ಚಕ್ರದ ಬೇರಿಂಗ್, ಸವೆದ ಟೈರು, ತುಕ್ಕು ಹಿಡಿದ ಬ್ರೇಕ್ ಡಿಸ್ಕ್, ಸಡಿಲಗೊಂಡ ಬುಷ್ ಮೊದಲಾದವು ಪೆಟ್ರೋಲ್ ಕಾರಿನಲ್ಲೂ ಇವೆ, ಅಲ್ಲಿಯೂ ಸದ್ದು ಮಾಡುತ್ತವೆ. ಅಲ್ಲಿ ಎಂಜಿನ್ನಿನ ಗದ್ದಲ ಅವನ್ನು ಮುಚ್ಚಿಹಾಕುತ್ತದೆ. ಇಲ್ಲಿ ಆ ಪರದೆಯೇ ಇಲ್ಲ. ಹೀಗಾಗಿ ಸದ್ದು ಕೇಳಿಸಿದ್ದೇ ದೊಡ್ಡ ದೋಷಕ್ಕೆ ಪುರಾವೆಯಲ್ಲ. ಕೆಲವೊಮ್ಮೆ ಸಣ್ಣ ದೋಷ ಬೇಗನೆ ಕಿವಿಗೆ ಬಿದ್ದಿದೆ ಎಂದಷ್ಟೇ ಅದರ ಅರ್ಥ.

ಗಾಬರಿ ಬೇಡದ ಸದ್ದುಗಳು

ಕಾರು ಚಾಲೂ ಮಾಡಿದಾಗ, ಚಾರ್ಜಿಂಗ್ ಆರಂಭವಾದಾಗ ಕೇಳುವ 'ಟಕ್' ಸದ್ದು ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನದು. ಬೇಸಿಗೆಯಲ್ಲಿ ಫಾಸ್ಟ್ ಚಾರ್ಜಿಂಗ್ ವೇಳೆ ಫ್ಯಾನು, ಪಂಪು, ಎ.ಸಿ. ಕಂಪ್ರೆಸರ್‌ಗಳು ಭೋರೆನ್ನುವುದು ಬ್ಯಾಟರಿಯನ್ನು ತಂಪಾಗಿಡಲು. ನಿಧಾನ ವೇಗದಲ್ಲಿ ಸಣ್ಣ ಗುನುಗು ಕೇಳಿದರೆ ಅದು ಪಾದಚಾರಿಗಳನ್ನು ಎಚ್ಚರಿಸಲು ಬೇಕೆಂದೇ ಹೊರಡಿಸುವ ಸದ್ದಾಗಿರಬಹುದು. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಇದು ಕಡ್ಡಾಯ. ಭಾರತದಲ್ಲೂ ಇದನ್ನು ಕಡ್ಡಾಯಗೊಳಿಸುವ ಕರಡು ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರಲ್ಲಿ ಪ್ರಕಟಿಸಿತು.

ಮಳೆಯ ರಾತ್ರಿ ಕಳೆದು ಬೆಳಿಗ್ಗೆ ಬ್ರೇಕ್ ಒತ್ತಿದಾಗ 'ಕರ್ರ್' ಎಂದರೆ ಅದು ಡಿಸ್ಕಿನ ಮೇಲಿನ ತುಕ್ಕು. ಪೆಟ್ರೋಲ್ ಕಾರಿನಲ್ಲಿ ಇದು ನಾಲ್ಕು ಬಾರಿ ಬ್ರೇಕ್ ಹಾಕಿದರೆ ಮಾಯ. ಎಲೆಕ್ಟ್ರಿಕ್ ಕಾರು ಆಕ್ಸಿಲರೇಟರ್ ಬಿಟ್ಟೊಡನೆ ಮೋಟಾರನ್ನೇ ಜನರೇಟರ್ ಮಾಡಿಕೊಂಡು ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್‌ಗೆ ಕೆಲಸ ಕಡಿಮೆ. ತುಕ್ಕು ಉಳಿದುಕೊಳ್ಳುತ್ತದೆ. ಹಿಂದೆ ವಾಹನವಿಲ್ಲದ ಜಾಗದಲ್ಲಿ ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತುವುದೇ ಇದಕ್ಕೆ ಮದ್ದು.

ಯಾವುದರ ಜೊತೆ ಬದಲಾಗುತ್ತದೆ?

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕಿಂತ, ಯಾವುದರ ಜೊತೆ ಬದಲಾಗುತ್ತಿದೆ ಎಂದು ಗಮನಿಸುವುದು ಹೆಚ್ಚು ಫಲಕಾರಿ. ಕಬ್ಬಿಣದ ಚೌಕಟ್ಟಿನಲ್ಲಿ ಸದ್ದು ಹರಿದಾಡುತ್ತದೆ; ಹಿಂದಿನ ಚಕ್ರದ್ದು ಮುಂದಿನಿಂದ ಬಂದಂತೆ ಕೇಳಬಹುದು. ಕಿವಿ ಇಲ್ಲಿ ಮೋಸ ಹೋಗುತ್ತದೆ.

ಮೊದಲು ರಸ್ತೆ. ನಗರದೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ ಜೋರಾಗಿ, ಹೊಸ ಡಾಂಬರಿನ ಮೇಲೆ ಮೆತ್ತಗಾದರೆ ಟೈರಿನ ಮೇಲೆ ಅನುಮಾನ ಪಡಬೇಕು. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿದಾಗ ಸದ್ದೂ ಹಿಂದಕ್ಕೆ ಹೋದರೆ ಅನುಮಾನ ನಿಜವಾದಂತೆ. ಬ್ಯಾಟರಿಯ ಭಾರದಿಂದಾಗಿ ಈ ಕಾರುಗಳ ಟೈರು ಬೇಗ ಸವೆಯುವುದೂ ಉಂಟು.

ನಂತರ ತಿರುವು. ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲ ಚಕ್ರಗಳ ಮೇಲೆ ವಾಲುತ್ತದೆ. ಗುಂಯ್‌ಗುಡುವಿಕೆ ಆಗ ಹೆಚ್ಚಿ, ಬಲಕ್ಕೆ ತಿರುಗಿದಾಗ ತಗ್ಗಿದರೆ ಬಲಬದಿಯ ಚಕ್ರದ ಬೇರಿಂಗ್ ಪರೀಕ್ಷಿಸಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸಾಗುವಾಗ 'ಕಟಕಟ' ಎಂದರೆ ಆಕ್ಸಲ್‌ನ ಸಿ.ವಿ. ಜಾಯಿಂಟ್‌ನತ್ತ ಬೆರಳು ತೋರಿಸಬಹುದು.

ಮೂರನೆಯ ಪರೀಕ್ಷೆಗೆ ತುಸು ತಾಳ್ಮೆ ಬೇಕು. ಖಾಲಿಯಾದ, ನೇರ ರಸ್ತೆಯಲ್ಲಿ ಸದ್ದು ಬರುವ ವೇಗಕ್ಕೆ ತಂದು ಗೇರ್ ಸೆಲೆಕ್ಟರನ್ನು ನ್ಯೂಟ್ರಲ್‌ಗೆ ತರಬೇಕು (ಕಾರನ್ನು ಆಫ್ ಮಾಡಲೇಬಾರದು). ಸದ್ದು ಥಟ್ಟನೆ ನಿಂತರೆ ಅದಕ್ಕೂ ಎಳೆಯುವ ಬಲಕ್ಕೂ ಸಂಬಂಧವಿದೆ: ಗೇರ್ ಹಲ್ಲುಗಳು, ಮೋಟಾರಿನ ಮೌಂಟ್, ಇಲ್ಲವೇ ಇನ್ವರ್ಟರ್. ನಿಲ್ಲದೆ, ವೇಗ ಇಳಿದಂತೆ ತಾನೂ ಇಳಿದರೆ ತಿರುಗುವ ಭಾಗಗಳದ್ದು. ಒಂದು ಎಚ್ಚರಿಕೆ: ಈ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಇಲ್ಲ, ನ್ಯೂಟ್ರಲ್‌ನಲ್ಲೂ ಮೋಟಾರು ಚಕ್ರದೊಂದಿಗೆ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಸದ್ದು ನಿಲ್ಲಲಿಲ್ಲವೆಂದ ಮಾತ್ರಕ್ಕೆ ಮೋಟಾರಿನ ಬೇರಿಂಗ್ ನಿರ್ದೋಷಿ ಎನ್ನಲಾಗದು.

ಅದನ್ನು ಬೇರ್ಪಡಿಸಲು ಸಣ್ಣ ಲೆಕ್ಕವೊಂದಿದೆ. ಕಾರಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1,000 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ ಎಂಟು. ಚಕ್ರ ಒಮ್ಮೆ ಸುತ್ತುವಷ್ಟರಲ್ಲಿ ಮೋಟಾರು ಸುಮಾರು 9 ಬಾರಿ ಸುತ್ತುತ್ತದೆ ಎಂದಿಟ್ಟುಕೊಂಡರೆ ಅದರದ್ದು ನಿಮಿಷಕ್ಕೆ 4,500, ಸೆಕೆಂಡಿಗೆ 75. ಮೋಟಾರಿನ ಗೇರಿಗೆ 25 ಹಲ್ಲುಗಳಿದ್ದರೆ ಸೆಕೆಂಡಿಗೆ 1,875 ಬಾರಿ ಹಲ್ಲಿಗೆ ಹಲ್ಲು ಸೇರುತ್ತದೆ. ಟೈರಿನ ಉಬ್ಬು 'ದಬದಬ' ಎನ್ನುವುದಕ್ಕೂ, ಗೇರು ಸಣ್ಣ ದನಿಯಲ್ಲಿ 'ಸುಂಯ್' ಎನ್ನುವುದಕ್ಕೂ ಕಾರಣ ಈ ಅಂತರವೇ. ಕನ್ನಡ ವ್ಯಾಕರಣದ ಅನುಕರಣಾವ್ಯಯಗಳು ಗ್ಯಾರೇಜಿನಲ್ಲೂ ಉಪಯೋಗಕ್ಕೆ ಬರುತ್ತವೆ ಎಂದಾಯಿತು! ಸದ್ದಿನ ಕಂಪನಾಂಕ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿನಲ್ಲಿವೆ. ಚಾಲಕರಲ್ಲ, ಪಕ್ಕದಲ್ಲಿ ಕುಳಿತವರು ಬಳಸಬೇಕು.

ಮೋಟಾರಿನದ್ದೇ ಆದರೆ?

ಆಗುವುದೇ ಇಲ್ಲ ಎಂದಲ್ಲ. ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಹಚ್ಚಿ ಆರಿಸುವುದರಿಂದ ಮೋಟಾರಿನ ಶಾಫ್ಟ್‌ನಲ್ಲಿ ವೋಲ್ಟೇಜ್ ಸಂಗ್ರಹವಾಗಿ, ಬೇರಿಂಗ್ ಮೂಲಕ ಸಣ್ಣ ಸಣ್ಣ ಕಿಡಿಗಳಾಗಿ ಹಾಯಬಹುದು. ಕ್ರಮೇಣ ಬೇರಿಂಗ್‌ನ ಹಾದಿಯಲ್ಲಿ ಗೆರೆಗಳು ಮೂಡಿ ಗುಂಯ್‌ಗುಟ್ಟಲಾರಂಭಿಸುತ್ತದೆ. ವೇಗ ನಿಯಂತ್ರಕ ಅಳವಡಿಸಿದ ಮೋಟಾರುಗಳಿರುವ ಕಾರ್ಖಾನೆಗಳ ಎಲೆಕ್ಟ್ರಿಷಿಯನ್ನರಿಗೆ ಇದು ಹೊಸತಲ್ಲ. ಇದನ್ನು ತಡೆಯಲೆಂದೇ ಕೆಲವು ಕಾರುಗಳಲ್ಲಿ ಶಾಫ್ಟ್‌ಗೆ ಅರ್ಥಿಂಗ್ ಉಂಗುರ ಅಥವಾ ಸೆರಾಮಿಕ್ ಬೇರಿಂಗ್ ಹಾಕಲಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ 'ಎಲೆಕ್ಟ್ರಿಕ್ ಕಾರಿಗೆ ಆಯಿಲ್ ಬೇಡ' ಎಂಬುದು. ಎಂಜಿನ್ ಆಯಿಲ್ ಬೇಡ, ನಿಜ. ಆದರೆ ಮೋಟಾರಿನ ವೇಗ ತಗ್ಗಿಸುವ ಗೇರ್ ಪೆಟ್ಟಿಗೆಯಲ್ಲಿ ಆಯಿಲ್ ಇದ್ದೇ ಇರುತ್ತದೆ. ಅವೈಜ್ಞಾನಿಕ ರಸ್ತೆ ಉಬ್ಬಿಗೆ ತಳ ಬಡಿದು ಅದು ಸೋರಿದರೆ ಸುಂಯ್‌ಗುಡುವಿಕೆ ವಾರದಿಂದ ವಾರಕ್ಕೆ ಏರುತ್ತದೆ. ಕಾರು ನಿಲ್ಲಿಸುವ ಜಾಗದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮಲೆಬೆನ್ನೂರು-ಭಾನುವಳ್ಳಿ ಭಾಗದಲ್ಲಿ ಸುಗ್ಗಿಯ ಕಾಲಕ್ಕೆ ಮತ್ತೊಂದು ಸಾಧ್ಯತೆಯನ್ನೂ ಮರೆಯುವಂತಿಲ್ಲ. ರಸ್ತೆಯ ಮೇಲಿನ ಹುಲ್ಲು ಆಕ್ಸಲ್‌ಗೆ ಸುತ್ತಿಕೊಂಡರೆ, ಜಲ್ಲಿಯ ಚೂರು ಡಿಸ್ಕ್ ಮತ್ತು ಅದರ ತಗಡಿನ ನಡುವೆ ಸಿಕ್ಕಿಕೊಂಡರೆ ಹೊರಡುವ ಸದ್ದು ಕಿವಿಗೆ ಘೋರ, ಜೇಬಿಗೆ ಹಗುರ.

ಯಾರಲ್ಲಿಗೆ ಹೋಗಬೇಕು?

ಲೇತ್ ಯಂತ್ರಗಳಿಗೆ ಹೆಸರಾಗಿದ್ದ, ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರು ಹರಿಹರ. ಸ್ಕ್ರೂಡ್ರೈವರ್ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಆನಿಸಿ ಬೇರಿಂಗ್‌ನ ಸ್ಥಿತಿ ಹೇಳುವುದು ಯಂತ್ರ ಬಲ್ಲವರ ಹಳೆಯ ವಿದ್ಯೆ. ಕಾರಿನ ಚಕ್ರ, ಸಸ್ಪೆನ್ಷನ್, ಬ್ರೇಕ್‌ನ ಸದ್ದಿಗೆ ಅನುಭವಿ ಸ್ಥಳೀಯ ಮೆಕ್ಯಾನಿಕ್ ಸಾಕು. ಆದರೆ ಕಾರನ್ನು ಜಾಕ್ ಮೇಲೆ ಎತ್ತುವ ಮುನ್ನ, ತಳದಲ್ಲಿರುವ ಬ್ಯಾಟರಿಗೆ ಭಾರ ಬೀಳದಂತೆ ಕಂಪನಿ ಗುರುತಿಸಿದ ಜಾಗಕ್ಕೇ ಜಾಕ್ ಕೊಡಬೇಕು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಹರಿಯುವುದು ಪ್ರಾಣಾಪಾಯದ ವೋಲ್ಟೇಜ್. ಅವುಗಳ ಆಸುಪಾಸಿನ ಕೆಲಸ ತರಬೇತಾದವರದ್ದು ಮಾತ್ರ. ಮೋಟಾರು, ಗೇರ್ ಪೆಟ್ಟಿಗೆ ವಾರಂಟಿಯಲ್ಲಿದ್ದರೆ ಹೊರಗೆ ಬಿಚ್ಚಿಸುವುದು ಜಾಣತನವಲ್ಲ.

ಸದ್ದಿನ ಜೊತೆ ಎಚ್ಚರಿಕೆ ದೀಪ, ಸುಟ್ಟ ವಾಸನೆ, ಎಳೆತ ಕುಗ್ಗುವಿಕೆ ಅಥವಾ ಲೋಹ ಲೋಹಕ್ಕೆ ಉಜ್ಜುವ ಕರ್ಕಶ ದನಿ ಸೇರಿಕೊಂಡರೆ ಪರೀಕ್ಷೆಗಳ ಗೊಡವೆ ಬೇಡ. ಪಕ್ಕಕ್ಕೆ ನಿಲ್ಲಿಸಿ ಟೋಯಿಂಗ್ ವಾಹನ ಕರೆಸಬೇಕು. ಚಕ್ರ ಉರುಳಿದರೆ ಮೋಟಾರೂ ತಿರುಗುವುದರಿಂದ ಹಗ್ಗ ಕಟ್ಟಿ ಎಳೆಯದೆ, ವಾಹನದ ಮೇಲೇರಿಸಿಯೇ ಸಾಗಿಸಬೇಕು.

ಉಳಿದಂತೆ, ಸರ್ವೀಸ್ ಸೆಂಟರ್‌ನಲ್ಲಿ ಜಾಬ್ ಕಾರ್ಡ್ ಬರೆಸುವಾಗ 'ಮೋಟಾರ್ ಸದ್ದು' ಎಂದು ತೀರ್ಪು ಬರೆಸಬಾರದು. ಹಾಗೆ ಬರೆಸಿದರೆ ಹುಡುಕಾಟವೂ ಅಲ್ಲಿಂದಲೇ ಆರಂಭವಾಗುತ್ತದೆ. '60 ಕಿ.ಮೀ. ಮೇಲೆ ಗುಂಯ್ ಸದ್ದು, ಎಡ ತಿರುವಿನಲ್ಲಿ ಹೆಚ್ಚು, ನ್ಯೂಟ್ರಲ್‌ನಲ್ಲೂ ನಿಲ್ಲದು, ಎ.ಸಿ. ಆರಿಸಿದರೂ ಇದೆ' ಎಂದು ಬರೆಸಿ, ಮೊಬೈಲಿನ ಧ್ವನಿಮುದ್ರಣ ಕೇಳಿಸಿ, ಮೆಕ್ಯಾನಿಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬೇಕು. ಭಾನುವಳ್ಳಿಯ ಆ ಕಾರಿನ ಜಾಬ್ ಕಾರ್ಡ್ ಹೀಗಿದ್ದರೆ ಮೊದಲು ಬಿಚ್ಚಬೇಕಾದದ್ದು ಬಲಬದಿಯ ಚಕ್ರ.