ಹದಿನೇಳು ವರ್ಷ ಕಪ್ ತಪ್ಪಿಸಿದ್ದು ಹಣೆಬರಹವೇ?

ಐಪಿಎಲ್ ಶುರುವಾಯಿತೆಂದರೆ ಕೊಪ್ಪಳ ಬಸ್‌ಸ್ಟ್ಯಾಂಡಿನ ಒಗ್ಗರಣಿ-ಮಿರ್ಚಿ ಅಂಗಡಿಯಿಂದ ಗಂಗಾವತಿಯ ರೈಸ್‌ಮಿಲ್ ಕಟ್ಟೆಯವರೆಗೆ, ಕುಷ್ಟಗಿಯ ಚಹಾದಂಗಡಿಯಿಂದ ಯಲಬುರ್ಗಾದ ಕಿರಾಣಿ ಅಂಗಡಿಯವರೆಗೆ ಎಲ್ಲರೂ ಆರ್‌ಸಿಬಿಯ ಕೋಚ್‌ಗಳೇ. 2008ರಿಂದ 2024ರವರೆಗೆ ಹದಿನೇಳು ಸಲ ಕಪ್ ತಪ್ಪಿತು. ನಮ್ಮ ಹತ್ತಿರ ಕಾರಣಗಳು ಅದಕ್ಕೂ ಹೆಚ್ಚಿದ್ದವು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕೊನೆಗೂ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ದುಃಖದ ಮುಂದೆ ಕಟ್ಟೆಯ ವಾದಗಳೆಲ್ಲ ಸಣ್ಣವು. ಆದರೆ ಹಳೆಯ ನಂಬಿಕೆಗಳು ಕಟ್ಟೆ ಬಿಟ್ಟು ಇಳಿದಿಲ್ಲ. ನಾವೂ ಅವನ್ನು ನಂಬಿದವರೇ, ನಾಲ್ಕು ಜನರಿಗೆ ನಂಬಿಸಿದವರೇ. ಅದಕ್ಕೇ ಲೆಕ್ಕ ಒಪ್ಪಿಸುವ ಹೊಣೆಯೂ ನಮ್ಮದೇ.

1. ಬ್ಯಾಟಿಂಗ್ ಗಟ್ಟಿಯಿದ್ದರೆ ಸಾಕು, ಬೌಲಿಂಗ್ ಹೇಗೋ ನಡೆಯುತ್ತದೆ ಎಂಬ ನಂಬಿಕೆ.

ವಾಸ್ತವ: ಹಾಗಿದ್ದರೆ 2013ರಲ್ಲೇ ಕಪ್ ಬರಬೇಕಿತ್ತು. ಆ ವರ್ಷ ಪುಣೆ ವಾರಿಯರ್ಸ್ ವಿರುದ್ಧ ಕ್ರಿಸ್ ಗೇಲ್ 66 ಎಸೆತಗಳಲ್ಲಿ ಅಜೇಯ 175 ಬಾರಿಸಿದರು, ತಂಡ 263 ಗಳಿಸಿತು. ಆದರೂ ಪ್ಲೇ ಆಫ್ ಮುಟ್ಟಲಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿ ಒಬ್ಬರೇ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದರು. ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 208 ಹೊಡೆಯಿತು. ಶೇನ್ ವಾಟ್ಸನ್ ನಾಲ್ಕು ಓವರ್‌ಗಳಲ್ಲಿ 61 ರನ್ ಕೊಟ್ಟರು. ಅದರಲ್ಲಿ 24 ರನ್ ಇನಿಂಗ್ಸಿನ ಕೊನೆಯ ಓವರಿನಲ್ಲೇ. ನಾವು ಸೋತದ್ದು 8 ರನ್‌ಗಳಿಂದ. ಆ ರಾತ್ರಿ ನಾವೆಲ್ಲ ಬೈದದ್ದು ಮಧ್ಯಮ ಕ್ರಮಾಂಕದ ಬ್ಯಾಟರ್‌ಗಳನ್ನು. ಆ 24 ರನ್ ಯಾರಿಗೂ ನೆನಪಾಗಲಿಲ್ಲ.

ಗೆದ್ದ ಹೈದರಾಬಾದಿನ ಭುವನೇಶ್ವರ್ ಕುಮಾರ್ ಆ ವರ್ಷ 23 ವಿಕೆಟ್ ಪಡೆದು ಟೂರ್ನಿಗೇ ಮೊದಲಿಗರಾಗಿದ್ದರು. ಅದೇ ಭುವನೇಶ್ವರ್ 2025ರಲ್ಲಿ ಆರ್‌ಸಿಬಿಯಲ್ಲಿದ್ದರು. ಜೋಶ್ ಹೇಜಲ್‌ವುಡ್ 22 ವಿಕೆಟ್ ಕಿತ್ತರು. ಫೈನಲ್‌ನಲ್ಲಿ ನಮ್ಮವರು ಒಬ್ಬರೂ ಅರ್ಧಶತಕ ಹೊಡೆಯಲಿಲ್ಲ. ಕೊಹ್ಲಿಯ 43 ರನ್ನೇ ಹೆಚ್ಚಿನದು. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಪಡೆದರು. ಪಂದ್ಯಶ್ರೇಷ್ಠರೂ ಅವರೇ.

2. ಚಿನ್ನಸ್ವಾಮಿ ಮೈದಾನ ಚಿಕ್ಕದು, ಅಲ್ಲಿ ಯಾವ ಬೌಲರ್ ಬಂದರೂ ಅಷ್ಟೇ ಎಂಬ ನಂಬಿಕೆ.

ವಾಸ್ತವ: ಅರ್ಧ ನಿಜ. ಬೌಂಡರಿ ಹತ್ತಿರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. 2024ರ ಏಪ್ರಿಲ್ 15ರಂದು ಹೈದರಾಬಾದ್ ಇಲ್ಲಿ 287 ಚಚ್ಚಿತು. ಆದರೆ ಎದುರಾಳಿಯ ಬೌಲರ್‌ಗಳಿಗೇನು ಬೇರೆ ಮೈದಾನ ಕೊಡುತ್ತಾರೆಯೇ? 2009ರ ಫೈನಲ್ ಸೋತದ್ದು ಜೋಹಾನ್ಸ್‌ಬರ್ಗಿನಲ್ಲಿ, 2011ರದು ಚೆನ್ನೈಯಲ್ಲಿ. 2017ರಲ್ಲಿ 49ಕ್ಕೆ ಆಲೌಟ್ ಆದದ್ದು ಕೋಲ್ಕತ್ತದಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾವೂ ಅಂಗಳವನ್ನೇ ದೂರಿದೆವು. 2025ರ ತಂಡ ತವರಿನ ಮೊದಲ ಮೂರು ಪಂದ್ಯ ಸೋತರೂ ಹೊರಗಿನ ಏಳೂ ಲೀಗ್ ಪಂದ್ಯ ಗೆದ್ದಿತು. ಎಲ್ಲ ನೆಲಕ್ಕೂ ಒಗ್ಗುವ ಬೌಲರ್‌ಗಳಿದ್ದರೆ ಒಂದು ನೆಲದ ಕಷ್ಟ ಕಪ್ ಕಸಿಯುವುದಿಲ್ಲ.

3. ಮಾಲೀಕರಿಗೆ ಕಪ್ ಬೇಡ, ದುಡ್ಡು ಸಾಕು ಎಂಬ ನಂಬಿಕೆ.

ವಾಸ್ತವ: ಗೆದ್ದರೂ ಸೋತರೂ ಟಿವಿ ಪ್ರಸಾರದ ಹಕ್ಕಿನ ಪಾಲು ತಂಡಗಳಿಗೆ ಬರುತ್ತದೆ, ಅನುಮಾನ ಹುಟ್ಟಿದ್ದು ಅಲ್ಲಿಂದ. ಆದರೆ ಹರಾಜಿಗೆ ಎಲ್ಲ ತಂಡಗಳ ಚೀಲವೂ ಒಂದೇ ಅಳತೆಯದು. 2025ಕ್ಕೆ ಅದು 120 ಕೋಟಿ ರೂಪಾಯಿ. ನಮ್ಮವರು ಎಡವಿದ್ದು ಹಂಚುವುದರಲ್ಲಿ. 2014ರಲ್ಲಿ ಯುವರಾಜ್ ಸಿಂಗ್ ಒಬ್ಬರಿಗೇ 14 ಕೋಟಿ ಸುರಿದರು. 2022ರ ಹೊತ್ತಿಗೆ, ತಂಡಕ್ಕೆ 139 ವಿಕೆಟ್ ತಂದಿದ್ದ ಯಜುವೇಂದ್ರ ಚಾಹಲ್ ಅವರನ್ನು ಬಿಟ್ಟುಕೊಟ್ಟರು. ಅವರು ರಾಜಸ್ಥಾನಕ್ಕೆ ಹೋಗಿ ಅದೇ ವರ್ಷ 27 ವಿಕೆಟ್‌ಗಳೊಂದಿಗೆ ಪರ್ಪಲ್ ಕ್ಯಾಪ್ ತೊಟ್ಟರು. ಸಂತೆಗೆ ಹೋದವನು ಇದ್ದ ದುಡ್ಡೆಲ್ಲ ಒಂದೇ ಎತ್ತಿಗೆ ಕೊಟ್ಟರೆ ಜೋಡಿ ಎಲ್ಲಿಂದ ತರಬೇಕು? 2025ರ ತಂಡ ಕಟ್ಟುವಾಗ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್‌ಗೆ 5.75 ಕೋಟಿ ಹಂಚಿದರು. ಕಪ್ ಬಂದ ದಾರಿ ಅದು.

4. ನಾಯಕನನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ.

ವಾಸ್ತವ: ದ್ರಾವಿಡ್, ಪೀಟರ್ಸನ್, ಕುಂಬ್ಳೆ, ವೆಟೋರಿ, ಕೊಹ್ಲಿ, ಡುಪ್ಲೆಸಿ ಎಲ್ಲರೂ ಮುನ್ನಡೆಸಿ ನೋಡಿದರು. 2009ರ ಫೈನಲ್‌ನಲ್ಲಿ ನಾಯಕ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ತಂಡ 6 ರನ್‌ಗಳಿಂದ ಸೋತಿತು. ರೋಹಿತ್ ಶರ್ಮಾ ಮುಂಬೈಗೆ ಐದು ಕಪ್ ಗೆದ್ದುಕೊಟ್ಟವರು. ಅದೇ ರೋಹಿತ್ ನಾಯಕತ್ವದಲ್ಲಿ 2022ರಲ್ಲಿ ಮುಂಬೈ ಕೊನೆಯ ಸ್ಥಾನಕ್ಕಿಳಿಯಿತು. ಒಳ್ಳೆಯ ನಾಯಕ ಇದ್ದ ಬೌಲರ್‌ಗಳನ್ನು ಸರಿಯಾಗಿ ಬಳಸಬಲ್ಲ, ಇಲ್ಲದವರನ್ನು ಹುಟ್ಟಿಸಲಾರ.

5. ಬರೀ ಕನ್ನಡಿಗರನ್ನೇ ಆಡಿಸಿದರೆ ಗೆಲುವು ಖಚಿತ ಎಂಬ ನಂಬಿಕೆ.

ವಾಸ್ತವ: ಈ ನೋವಿಗೆ ಕಾರಣವಿದೆ. 2018ಕ್ಕೆ ಕೆ.ಎಲ್. ರಾಹುಲ್ ಅವರನ್ನು ಉಳಿಸಿಕೊಳ್ಳಲಿಲ್ಲ. ಪಂಜಾಬ್ 11 ಕೋಟಿಗೆ ಎತ್ತಿಕೊಂಡಿತು. ಆದರೆ ಐಪಿಎಲ್ ತಂಡ ರಣಜಿ ತಂಡವಲ್ಲ. ದ್ರಾವಿಡ್, ಕುಂಬ್ಳೆ ಇಬ್ಬರೂ ಇದ್ದ 2008ರಲ್ಲೇ ಎಂಟು ತಂಡಗಳಲ್ಲಿ ಏಳನೆಯವರಾದೆವು. ಕಪ್ ಗೆದ್ದ ಬಳಗದಲ್ಲಿ ದೇವದತ್ತ ಪಡಿಕ್ಕಲ್, ಮಯಂಕ್ ಅಗರ್ವಾಲ್ ಇದ್ದರು. ನಮ್ಮ ಪಕ್ಕದ ರಾಯಚೂರಿನ ಮನೋಜ್ ಭಾಂಡಗೆಯೂ ಇದ್ದರು. ಅದೇ ರಾಯಚೂರಿನ ಯರೇಗೌಡ ಹಿಂದೆ ಕರ್ನಾಟಕ ತಂಡದ ನಾಯಕರಾಗಿದ್ದವರು. ನಮ್ಮ ಹುಡುಗರ ದಾರಿ ಹರಾಜಿನ ಮೇಜಿನಿಂದ ಶುರುವಾಗುವುದಿಲ್ಲ. ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲ್ ಹಿಡಿಯುವ ಒಂದು ಒಳ್ಳೆಯ ಪಿಚ್‌ನಿಂದ ಶುರುವಾಗುತ್ತದೆ. ಸಿಟ್ಟಿದ್ದರೆ ಆ ಪಿಚ್ ಕೇಳೋಣ.

6. ಹೆಸರಿನ ದೋಷ, ಹಸಿರು ಜರ್ಸಿಯ ಕಾಟ, ನಾನು ನೋಡಿದರೆ ಸೋಲುತ್ತಾರೆ ಎಂಬ ನಂಬಿಕೆಗಳು.

ವಾಸ್ತವ: ನಗಬೇಡಿ. ಕೊನೆಯ ಓವರಿಗೆ ಟಿವಿ ಬಿಟ್ಟು ಅಂಗಳಕ್ಕೆ ಹೋಗಿ ನಿಂತವರು ನಾವೇ. ತಂಡದ ಹೆಸರು ಬ್ಯಾಂಗಲೋರ್‌ನಿಂದ ಬೆಂಗಳೂರು ಆದದ್ದು 2024ರ ಮಾರ್ಚ್ 19ರಂದು. ಎರಡು ದಿನ ಮೊದಲೇ, ಮಾರ್ಚ್ 17ರಂದು, ಸ್ಮೃತಿ ಮಂದಾನ ಅವರ ಮಹಿಳಾ ತಂಡ ಹಳೆಯ ಹೆಸರಿನಲ್ಲೇ ಕಪ್ ಎತ್ತಿತ್ತು. ಅದಕ್ಕೂ ಕಾರಣ ಬೌಲಿಂಗೇ: ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ಪಡೆದು ಡೆಲ್ಲಿಯನ್ನು 113ಕ್ಕೆ ಉರುಳಿಸಲು ನೆರವಾದರು. ಹೊಸ ಹೆಸರಿನ ಪುರುಷರ ತಂಡ ಆ ವರ್ಷ ಮೊದಲ ಎಂಟರಲ್ಲಿ ಏಳು ಪಂದ್ಯ ಸೋತಿತು. ಹಸಿರು ಜರ್ಸಿಯಲ್ಲಿ ಸೋತದ್ದೇ ಹೆಚ್ಚು, ನಿಜ. ಆದರೆ 2016ರಲ್ಲಿ ಗುಜರಾತ್ ಲಯನ್ಸ್ ವಿರುದ್ಧ 144 ರನ್‌ಗಳ ಗೆಲುವು ಬಂದದ್ದೂ ಅದೇ ಜರ್ಸಿಯಲ್ಲಿ. ವರ್ಷಕ್ಕೊಂದು ಪಂದ್ಯದಿಂದ ಬಣ್ಣದ ಗುಣ ಅಳೆಯಲಾಗದು. ಅಂಜನಾದ್ರಿಯ ಮೆಟ್ಟಿಲು ಹತ್ತಿ ಹರಕೆ ತೀರಿಸಿದವರ ಭಕ್ತಿ ದೊಡ್ಡದು. ಆದರೆ ಪಂಜಾಬಿನ ಅಭಿಮಾನಿಗಳಿಗೂ ದೇವರಿದ್ದ.

7. ಎಲ್ಲ ಫಿಕ್ಸ್ ಆಗಿರುತ್ತದೆ, ಬಲ್ಲವನು ಬೆಟ್ಟಿಂಗ್‌ನಲ್ಲಿ ದುಡಿಯಬಹುದು ಎಂಬ ನಂಬಿಕೆ.

ವಾಸ್ತವ: ಅನುಮಾನಕ್ಕೆ ಬೇರು ಇದೆ. 2013ರ ಹಗರಣದಲ್ಲಿ ರಾಜಸ್ಥಾನದ ಮೂವರು ಆಟಗಾರರ ಬಂಧನವಾಯಿತು. ಚೆನ್ನೈ, ರಾಜಸ್ಥಾನ ತಂಡಗಳು 2016 ಮತ್ತು 2017ರಲ್ಲಿ ಆಡಲಿಲ್ಲ. ಆದರೆ ಒಂದು ಕಳ್ಳತನ ಸಿಕ್ಕಿತೆಂದು ಊರವರೆಲ್ಲ ಕಳ್ಳರಾಗುವುದಿಲ್ಲ. ಇನ್ನು, ಎಲ್ಲ ಮೊದಲೇ ನಿಗದಿಯಾಗಿದೆ ಎನ್ನುವವನೇ ಆಟ ಬಲ್ಲೆನೆಂದು ಹಣ ಕಟ್ಟುತ್ತಾನೆ. ಎರಡರಲ್ಲಿ ಒಂದಾದರೂ ಸುಳ್ಳಾಗಲೇಬೇಕು. ಟಾಸ್, ಮಂಜು, ಒಂದು ಕೈಬಿಟ್ಟ ಕ್ಯಾಚ್ ಯಾವ ಬಲ್ಲವನ ಮಾತನ್ನೂ ಕೇಳುವುದಿಲ್ಲ. ಭತ್ತ ಮಾರಿದ ದುಡ್ಡು ಮೊಬೈಲಿನಲ್ಲಿ ಕರಗಿದ ಕತೆ ನಮ್ಮ ಸೀಮೆಗೆ ಹೊಸದಲ್ಲ. ಆನ್‌ಲೈನ್ ಹಣದಾಟವನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಭಾನುವಾರ ಬೆಳಗ್ಗೆ ನಮ್ಮೂರ ಮೈದಾನದಲ್ಲಿ ತಂಡ ಆರಿಸುವುದನ್ನು ನೋಡಿ. ಮೊದಲು ಕರೆಯುವುದು ಸಿಕ್ಸರ್ ಎತ್ತುವವನನ್ನು, ಆಮೇಲೆ ಬ್ಯಾಟ್ ತಂದವನನ್ನು. ಬಿಸಿಲಿನಲ್ಲಿ ಗುರಿಯಿಟ್ಟು ಚೆಂಡೆಸೆಯುವ ಸಣಕಲು ಹುಡುಗನಿಗೆ ಕರೆ ಬರುವುದು ಹನ್ನೊಂದು ಜನ ಸಾಲದೆ ಹೋದಾಗ. ಹರಾಜಿನ ಕೋಣೆಯಲ್ಲಿ ಕುಳಿತವರನ್ನು ಬೈಯುತ್ತ, ನಾವೂ ಇಲ್ಲಿ ಹದಿನೇಳು ವರ್ಷ ಅದೇ ತಂಡ ಕಟ್ಟುತ್ತಿದ್ದೆವು.