ಬೆನ್ನೇ ಮುಖವಾಗುವ ಅಂಗಿ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಿಗೆ ಜೆರ್ಸಿ ಹೊಸತಲ್ಲ. ಮಳೆ ಬಿಟ್ಟರೆ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟದ ಪಂದ್ಯಾಟಗಳು ಶುರುವಾಗುತ್ತವೆ. ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್ಬುಗಳಿಗೆ ತಮ್ಮದೇ ಬಣ್ಣ, ಎದೆಯ ಮೇಲೆ ಊರಿನ ಹೆಸರು, ಬೆನ್ನಿಗೆ ನಂಬರು, ಖಾಲಿ ಉಳಿದಲ್ಲೆಲ್ಲ ಪ್ರಾಯೋಜಕರು. ಸೈಕಲ್ ತಂಡ ಕಟ್ಟುವ ಗೆಳೆಯರ ಬಳಗವೋ ಸಹಕಾರಿ ಸಂಘವೋ ಆಸ್ಪತ್ರೆಯೋ ಕಾಲೇಜೋ ಇದೇ ಮಾದರಿಯಲ್ಲಿ ಅಂಗಿ ಹೊಲಿಸಲು ಹೊರಡುವುದು ಸಹಜ. ಆದರೆ ಸೈಕಲ್ ಕಿಟ್ ವಿನ್ಯಾಸ ಬೇರೆಯದೇ ಕಸುಬು. ಅಂಕಣದ ಅಂಗಿಯನ್ನು ನೋಡುವವರು ಸುತ್ತ ಕೂತ ಪ್ರೇಕ್ಷಕರು. ಸೈಕಲಿನ ಅಂಗಿಯನ್ನು ಎಲ್ಲರಿಗಿಂತ ಮೊದಲು ಕಾಣಬೇಕಾದವರು ಹಿಂದಿನಿಂದ ಬರುವ ಬಸ್ಸು, ಲಾರಿ, ಜೀಪುಗಳ ಚಾಲಕರು. ಅವರ ಕಣ್ಣನ್ನು ಲೆಕ್ಕಕ್ಕೆ ಹಿಡಿಯದ ವಿನ್ಯಾಸ ಫೋಟೋದಲ್ಲಿ ಎಷ್ಟೇ ಚೆಂದ ಕಂಡರೂ ಅರ್ಧ ಕೆಲಸವೇ ಸರಿ.

ಹ್ಯಾಂಡಲ್ ಹಿಡಿದು ಬಾಗಿದ ದೇಹದಲ್ಲಿ ಎದೆ ನೆಲ ನೋಡುತ್ತದೆ, ಅಲ್ಲಿ ಅಚ್ಚಾದ ಲಾಂಛನ ಯಾರಿಗೂ ಕಾಣುವುದಿಲ್ಲ. ಕಾಣುವುದು ಭುಜ, ಬೆನ್ನು, ಸೊಂಟ ಮತ್ತು ತಿರುಗುತ್ತಿರುವ ಕಾಲುಗಳು. ಈ ಸೀಮೆಯ ದಾರಿಗಳಲ್ಲಿ ಅದಕ್ಕೆ ಇನ್ನಷ್ಟು ತೂಕವಿದೆ. ಪುತ್ತೂರು, ಸುಳ್ಯ ದಾಟಿ ಸಂಪಾಜೆಯತ್ತ ಏರುವ ರಾಷ್ಟ್ರೀಯ ಹೆದ್ದಾರಿ 275, ಗುಂಡ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಕಾಡುದಾರಿ, ಕುಲ್ಕುಂದದಿಂದ ಬಿಸಿಲೆ ಘಟ್ಟ ಹತ್ತುವ ರಸ್ತೆ, ಎಲ್ಲೂ ತಿರುವಿಗೆ ತಿರುವು. ಇಕ್ಕೆಲಗಳಲ್ಲಿ ಅಡಿಕೆ ತೋಟ, ರಬ್ಬರ್, ಕಾಡು. ಮರದ ನೆರಳು ಬಿಸಿಲು ಬೆರೆತ ರಸ್ತೆಯಲ್ಲಿ ಕಡುಹಸಿರು, ಕಂದು, ಬೂದು ಬಣ್ಣದ ಅಂಗಿ ಕರಗಿಹೋಗುತ್ತದೆ. ನಮ್ಮದು ಹಸಿರು ನಾಡು, ಅಂಗಿಯೂ ಹಸಿರೇ ಇರಲಿ ಎಂಬ ಅಭಿಮಾನವನ್ನು ತೋಳಿನ ಅಂಚಿನ ಪಟ್ಟಿಗೆ ಸೀಮಿತಗೊಳಿಸಿ, ಬೆನ್ನನ್ನು ಕಿತ್ತಳೆಗೋ ಪ್ರಖರ ಹಳದಿಗೋ ಬಿಟ್ಟುಕೊಡುವುದು ಜಾಣತನ.

ಇಷ್ಟು ಒಪ್ಪಿದ ಮೇಲೆ ಕಸುಬಿನ ಸೂಕ್ಷ್ಮಗಳು ಎದುರಾಗುತ್ತವೆ. ಜೆರ್ಸಿಗಳ ಮುದ್ರಣ ಬಹುತೇಕ ಸಬ್ಲಿಮೇಶನ್ ವಿಧಾನದ್ದು. ಚಿತ್ರವನ್ನು ಕಾಗದದ ಮೇಲೆ ತಿರುಗುಮುರುಗಾಗಿ ಅಚ್ಚು ಹಾಕಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಒತ್ತಿದರೆ ಬಣ್ಣ ಆವಿಯಾಗಿ ನೂಲಿನೊಳಗೇ ಸೇರುತ್ತದೆ. ಹಾಗಾಗಿ ಅದು ಸಿಪ್ಪೆ ಏಳುವುದಿಲ್ಲ, ಗಾಳಿಯಾಡುವ ರಂಧ್ರಗಳನ್ನು ಮುಚ್ಚುವುದೂ ಇಲ್ಲ. ಹತ್ತಿ ಬಟ್ಟೆಗೆ ಈ ವಿದ್ಯೆ ನಡೆಯದು. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ಹಳದಿ ಸಾಮಾನ್ಯ ನಾಲ್ಕು ಶಾಯಿಗಳಲ್ಲಿ ಮೂಡುವುದಿಲ್ಲ. ಅದಕ್ಕೆ ಪ್ರತ್ಯೇಕ ಫ್ಲೋರೊಸೆಂಟ್ ಶಾಯಿ ಬೇಕು. ಆದ್ದರಿಂದ ಪರದೆ ನೋಡಿ ಒಪ್ಪಿಗೆ ಕೊಡದೆ ಬಟ್ಟೆಯ ತುಣುಕಿನ ಮೇಲೆ ಮಾದರಿ ಕೇಳಬೇಕು. ಬೆನ್ನ ಕೆಳಗಿನ ಮೂರು ಜೇಬುಗಳ ಮೇಲೆ ಕ್ಲಬ್ಬಿನ ಹೆಸರು ಹಾಕಿದರೆ ಮೊಬೈಲು, ಬಾಳೆಹಣ್ಣು ತುಂಬಿದ ಕೂಡಲೇ ಅಕ್ಷರ ಸೊಟ್ಟಗಾಗುತ್ತದೆ. ಹೆಸರು ಜೇಬಿಗಿಂತ ಮೇಲಿರಬೇಕು. ಬಿಳಿ ಲೈಕ್ರಾದ ಮೇಲೆ ಕಪ್ಪು ಅಚ್ಚಾದ ಚಡ್ಡಿ ತೊಡೆಯಲ್ಲಿ ಹಿಗ್ಗಿದಾಗ ಒಳಗಿನ ಬಿಳಿ ಇಣುಕುತ್ತದೆ. ಚಡ್ಡಿಗೆ ಕಪ್ಪು ಬಣ್ಣದಲ್ಲೇ ಅದ್ದಿದ ಬಟ್ಟೆ ಒಳ್ಳೆಯದು.

ಬಣ್ಣದಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ ಎಂದು ಕೇಳುವವರಿಗೆ ಡೆನ್ಮಾರ್ಕಿನ ಪ್ರಯೋಗವೊಂದು ಉತ್ತರ ಕೊಡುತ್ತದೆ. ಅಲ್ಲಿ 6,793 ಸೈಕಲ್ ಸವಾರರಲ್ಲಿ ಅರ್ಧದಷ್ಟು ಜನರಿಗೆ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಗಮನಿಸಲಾಯಿತು. ಇತರ ವಾಹನ ಅಥವಾ ಜನರೊಡನೆ ಡಿಕ್ಕಿಯಾಗಿ ಗಾಯಗೊಂಡ ಪ್ರಕರಣಗಳು ಜಾಕೆಟ್ ತೊಟ್ಟವರಲ್ಲಿ ಶೇ. 47ರಷ್ಟು ಕಡಿಮೆ. ಅಪಘಾತಗಳನ್ನು ಸವಾರರೇ ವರದಿ ಮಾಡಿದ್ದರಿಂದ ಬರಬಹುದಾದ ಪಕ್ಷಪಾತವನ್ನು ಕಳೆದರೂ ಇಳಿಕೆ ಶೇ. 38. ಆದರೆ ಫ್ಲೋರೊಸೆಂಟ್ ಬಣ್ಣದ ಕೆಲಸ ಹಗಲಿಗಷ್ಟೇ. ಕತ್ತಲಲ್ಲಿ ಬೇಕಾದದ್ದು ಹೆಡ್‌ಲೈಟ್ ಬೆಳಕನ್ನು ಹಿಂದಕ್ಕೆ ಎಸೆಯುವ ಪ್ರತಿಫಲಕ ಪಟ್ಟಿ. ಅದು ಎದೆ, ಬೆನ್ನಿಗಿಂತ ಮೊಣಕಾಲು, ಕಣಕಾಲಿನಲ್ಲಿದ್ದರೆ ಹೆಚ್ಚು ಫಲಕಾರಿ ಎಂದು ಆಸ್ಟ್ರೇಲಿಯಾದ ಅಧ್ಯಯನಗಳು ತೋರಿಸಿವೆ. ಮೇಲೆ ಕೆಳಗೆ ಚಲಿಸುವ ಕಾಲನ್ನು ಕಂಡ ಚಾಲಕ ಮುಂದಿರುವುದು ಮನುಷ್ಯ ಎಂದು ತಟ್ಟನೆ ಗುರುತಿಸುತ್ತಾನೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜೆರ್ಸಿಯ ಮೇಲೆ ಮಳೆಯಂಗಿ ಬೀಳುತ್ತದೆ. ಮಂಜು ಮುಸುಕಿ ಅಪಾಯ ಹೆಚ್ಚಿರುವ ಆ ತಿಂಗಳುಗಳಲ್ಲೇ ತಂಡದ ಬಣ್ಣ ಮಾಯ. ಹಾಗಾಗಿ ಘಟ್ಟದ ಬುಡದ ಕಿಟ್ ಮಳೆಯಂಗಿಯಿಂದ ಶುರುವಾಗಿ ಜೆರ್ಸಿಗೆ ಇಳಿಯಬೇಕು.

ದುಡ್ಡು ಕೊಡುವ ಪ್ರಾಯೋಜಕ ತನ್ನ ಹೆಸರು ದೊಡ್ಡದಾಗಿ ಕೇಳುವುದಿಲ್ಲವೇ? ಕೇಳುತ್ತಾನೆ, ಅದು ನ್ಯಾಯವೂ ಹೌದು. ಆದರೆ ಸೈಕಲ್ ಲೋಕದ ಅತ್ಯಂತ ಪ್ರಸಿದ್ಧ ಅಂಗಿಯ ಕಥೆ ನೋಡಿ. 1919ರಲ್ಲಿ ಟೂರ್ ಡಿ ಫ್ರಾನ್ಸ್‌ನ ಮುಂಚೂಣಿ ಸವಾರನಿಗೆ ಹಳದಿ ಜೆರ್ಸಿ ಬಂತು. ಸ್ಪರ್ಧೆ ನಡೆಸುತ್ತಿದ್ದ ಲೋತೊ ಪತ್ರಿಕೆ ಅಚ್ಚಾಗುತ್ತಿದ್ದುದೂ ಹಳದಿ ಕಾಗದದಲ್ಲಿ. ಇಟಲಿಯ ಜೀರೊ ಸ್ಪರ್ಧೆಯ ಗುಲಾಬಿ ಜೆರ್ಸಿಗೆ 1931ರಲ್ಲಿ ಬಣ್ಣ ಕೊಟ್ಟದ್ದು ಗಜೆಟ್ಟಾ ಪತ್ರಿಕೆಯ ಗುಲಾಬಿ ಕಾಗದ. ಎರಡೂ ಕಡೆ ಬಣ್ಣವೇ ಜಾಹೀರಾತು. ದೂರದಿಂದ ಓದಲಾಗದ ಹನ್ನೆರಡು ಹೆಸರುಗಳಿಗಿಂತ ಒಂದೇ ದಿಟ್ಟ ಬಣ್ಣ, ಬೆನ್ನ ಮೇಲೆ ಒಂದೇ ಹೆಸರು ಪ್ರಾಯೋಜಕನಿಗೂ ಲಾಭದ್ದು. ಉಳಿದವರ ಹೆಸರಿಗೆ ತೋಳು, ಪಕ್ಕೆಗಳಿವೆ.

ಮೈಗಂಟುವ ಲೈಕ್ರಾ ತೊಟ್ಟು ಪೇಟೆಯಲ್ಲಿ ಇಳಿಯುವುದು ಹೇಗೆ ಎಂಬ ಸಂಕೋಚ ಇನ್ನೊಂದು ಆಕ್ಷೇಪ. ಇದನ್ನು ಹಳೇ ಕಾಲದ ನಾಚಿಕೆ ಎಂದು ತಳ್ಳಿಹಾಕುವ ವಿನ್ಯಾಸಕಾರ ಅರ್ಧ ತಂಡವನ್ನೇ ಕಳೆದುಕೊಳ್ಳುತ್ತಾನೆ. ಪ್ಯಾಡ್ ಇರುವ ಒಳಚಡ್ಡಿ, ಅದರ ಮೇಲೆ ಸಡಿಲ ಚಡ್ಡಿ, ಅಂಗಿಗೆ ತುಸು ಉದ್ದನೆಯ ಬೆನ್ನು ಇದ್ದರೆ ಮರ್ಯಾದೆಯೂ ಸವಾರಿಯೂ ಉಳಿಯುತ್ತವೆ. ಗಂಡಸರ ಅಳತೆಯನ್ನೇ ಕುಗ್ಗಿಸಿ ಹೆಂಗಸರಿಗೆ ಕೊಡುವ ರೂಢಿ ಬಿಟ್ಟು ಬೇರೆ ಕತ್ತರಿಕೆ, ಬೇರೆ ಪ್ಯಾಡ್ ಇಡಬೇಕು. ಕಂಪನಿಯ ಒಂದು ದಿನದ ಹತ್ತು ಕಿಲೋಮೀಟರ್ ಜಾಥಾಕ್ಕೆ ಪೂರ್ತಿ ಕಿಟ್ ಬೇಡ, ಜೆರ್ಸಿ ಸಾಕು. ಉಳಿದ ಹಣದಲ್ಲಿ ಪ್ರತಿಫಲಕ ಕಾಲ್ಪಟ್ಟಿ ಹಂಚಬಹುದು. ಅಪಘಾತದ ಹೊಣೆಯನ್ನೆಲ್ಲ ಸವಾರನ ಅಂಗಿಗೆ ಹೊರಿಸುವುದು ಸರಿಯೇ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಗಟ್ಟಿ. ಸರಿಯಲ್ಲ. ವೇಗ ತಗ್ಗಿಸಬೇಕಾದವನು ಚಾಲಕ, ರಸ್ತೆಗೆ ಅಂಚು ಕಟ್ಟಬೇಕಾದದ್ದು ಸರ್ಕಾರ. ಆದರೆ ಆ ಎರಡೂ ಕ್ಲಬ್ಬಿನ ಕೈಯಲ್ಲಿಲ್ಲ. ಅಂಗಿಯ ಆರ್ಡರು ಮಾತ್ರ ಅದರ ಕೈಯಲ್ಲಿದೆ. ಆ ಆರ್ಡರು ಕೊಡುವಾಗ ವಿನ್ಯಾಸದ ಕರಡಿನಲ್ಲಿ ಬೆನ್ನಿನ ಚಿತ್ರವನ್ನು ಮೊದಲು ನೋಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.