ಎಲ್ ಪಾಸೋದ ಬಾಸ್ಕೆಟ್‌ಬಾಲ್ ತಂಡ: ಒಂದು ಗೆಲುವಿನ ಹಿಂದುಮುಂದು

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾಸಂಸ್ಥೆಯೊಂದರಲ್ಲಿ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ವ್ಯಾಯಾಮಶಾಲೆಯೊಳಗೆ ಹಣ್ಣಿನ ಬುಟ್ಟಿಗಳನ್ನು ತೂಗುಹಾಕಿ ಈ ಆಟವನ್ನು ರೂಪಿಸಿದನು. ಕೆಲವೇ ದಶಕಗಳಲ್ಲಿ ಇದು ಅಮೆರಿಕದ ಕಾಲೇಜುಗಳ ಪ್ರತಿಷ್ಠೆಯ ಆಟವಾಯಿತು. 1939ರಿಂದ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, ಪ್ರತಿವರ್ಷವೂ ಪುರುಷರ ರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸತೊಡಗಿತು. ಆದರೆ ಕಾಲೇಜಿನ ತಂಡದಲ್ಲಿ ಆಡಬೇಕಾದರೆ ಮೊದಲು ಕಾಲೇಜಿಗೆ ಪ್ರವೇಶ ದೊರೆಯಬೇಕು. ಆದುದರಿಂದ ಕಾಲೇಜು ತಂಡವೊಂದರ ಚರಿತ್ರೆ, ಆ ಕಾಲೇಜಿನ ಬಾಗಿಲು ಯಾರಿಗೆ ತೆರೆದಿತ್ತು ಎಂಬುದರ ಚರಿತ್ರೆಯೂ ಆಗಿರುತ್ತದೆ. ಟೆಕ್ಸಾಸ್ ರಾಜ್ಯದ ಎಲ್ ಪಾಸೋ ನಗರದ ಕಾಲೇಜು ತಂಡ ಇದಕ್ಕೆ ಒಳ್ಳೆಯ ನಿದರ್ಶನ.

ಗಡಿಯ ಊರು, ಗಣಿಯ ಶಾಲೆ

ಎಲ್ ಪಾಸೋ ಟೆಕ್ಸಾಸಿನ ಪಶ್ಚಿಮದ ತುತ್ತತುದಿಯ ನಗರ. ರಿಯೋ ಗ್ರಾಂಡೆ ನದಿಯ ಈಚೆಯ ದಡದಲ್ಲಿ ಅದು, ಆಚೆಯ ದಡದಲ್ಲಿ ಮೆಕ್ಸಿಕೊ ದೇಶದ ಹ್ವಾರೆಸ್ ನಗರ. ಇಲ್ಲಿ 1914ರಲ್ಲಿ ಗಣಿವಿದ್ಯೆ ಮತ್ತು ಲೋಹವಿದ್ಯೆಗಳನ್ನು ಕಲಿಸುವ ಸರಕಾರಿ ಶಾಲೆಯೊಂದು ಸ್ಥಾಪನೆಗೊಂಡಿತು. 1916ರ ಬೆಂಕಿಯಲ್ಲಿ ಅದರ ಮುಖ್ಯ ಕಟ್ಟಡ ನಾಶವಾದಾಗ, ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ಭೂತಾನದ ಚಿತ್ರಗಳಿಂದ ಪ್ರೇರಿತರಾಗಿ ಹೊಸ ಕಟ್ಟಡಗಳನ್ನು ಭೂತಾನಿ ಶೈಲಿಯಲ್ಲಿ ನಿರ್ಮಿಸಿದರು. 1949ರಲ್ಲಿ ಸಂಸ್ಥೆಗೆ ಟೆಕ್ಸಾಸ್ ವೆಸ್ಟರ್ನ್ ಕಾಲೇಜು ಎಂಬ ಹೆಸರು ಬಂದಿತು. 1967ರಿಂದ ಅದು ಎಲ್ ಪಾಸೋದ ಟೆಕ್ಸಾಸ್ ವಿಶ್ವವಿದ್ಯಾಲಯ.

ಟೆಕ್ಸಾಸಿನಲ್ಲಿ ಆಗ ಬಿಳಿಯರಿಗೂ ಕಪ್ಪುವರ್ಣೀಯರಿಗೂ ಬೇರೆಬೇರೆ ಶಾಲೆಗಳಿದ್ದವು. ಎಲ್ ಪಾಸೋದ ಕಪ್ಪುವರ್ಣೀಯರ ಶಾಲೆಯಲ್ಲಿ ಅಗ್ರಸ್ಥಾನ ಪಡೆದಿದ್ದ ಥೆಲ್ಮಾ ವೈಟ್ ಎಂಬ ವಿದ್ಯಾರ್ಥಿನಿ 1954ರಲ್ಲಿ ಟೆಕ್ಸಾಸ್ ವೆಸ್ಟರ್ನ್ ಕಾಲೇಜಿಗೆ ಅರ್ಜಿ ಸಲ್ಲಿಸಿದಳು. ವರ್ಣದ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ತೀರ್ಪಿತ್ತಿತ್ತು. 1955ರಲ್ಲಿ ಈ ಕಾಲೇಜಿನ ಬಾಗಿಲೂ ತೆರೆಯಿತು. ಮರುವರ್ಷವೇ ಚಾರ್ಲಿ ಬ್ರೌನ್ ಎಂಬ ಕಪ್ಪುವರ್ಣೀಯ ಆಟಗಾರ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡವನ್ನು ಸೇರಿದನು. ದಕ್ಷಿಣದ ಇತರ ಅನೇಕ ಕಾಲೇಜುಗಳು ಈ ಹೆಜ್ಜೆಯಿಡಲು ಇನ್ನೂ ಹತ್ತು ವರ್ಷ ಹಿಡಿಯಿತು.

ಹ್ಯಾಸ್ಕಿನ್ಸ್ ಕಟ್ಟಿದ ತಂಡ

1961ರಲ್ಲಿ ಡಾನ್ ಹ್ಯಾಸ್ಕಿನ್ಸ್ ತಂಡದ ತರಬೇತುದಾರನಾಗಿ ಬಂದನು. ಅದಕ್ಕೆ ಮೊದಲು ಟೆಕ್ಸಾಸಿನ ಸಣ್ಣ ಊರುಗಳ ಶಾಲಾ ತಂಡಗಳಿಗೆ ಆಟ ಕಲಿಸುತ್ತಿದ್ದವನು ಅವನು. ಕಾಲೇಜು ದಿನಗಳಲ್ಲಿ ಹೆನ್ರಿ ಐಬಾ ಎಂಬ ಹೆಸರಾಂತ ಗುರುವಿನ ಕೈಕೆಳಗೆ ಆಡಿದ್ದನು. ಅವಸರವಿಲ್ಲದ ಆಕ್ರಮಣ, ಬಿಡುವಿಲ್ಲದ ರಕ್ಷಣೆ, ಕಟ್ಟುನಿಟ್ಟಿನ ಅಭ್ಯಾಸ ಇವು ಐಬಾ ಪದ್ಧತಿಯ ಲಕ್ಷಣಗಳು. ಹ್ಯಾಸ್ಕಿನ್ಸ್ ಅವನ್ನೇ ಎಲ್ ಪಾಸೋಗೆ ತಂದನು.

ದೊಡ್ಡ ವಿಶ್ವವಿದ್ಯಾಲಯಗಳ ಧನಬಲ ಈ ಕಾಲೇಜಿಗಿರಲಿಲ್ಲ. ಆದರೆ ಇತರರು ಕೈಬಿಟ್ಟ ಪ್ರತಿಭೆ ದೇಶದಲ್ಲಿ ಹೇರಳವಾಗಿತ್ತು. ದಕ್ಷಿಣದ ಬಹುತೇಕ ಕಾಲೇಜುಗಳು ಕಪ್ಪುವರ್ಣೀಯ ಆಟಗಾರರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸೇರಿಸಿಕೊಳ್ಳುತ್ತಿದ್ದ ಉತ್ತರದ ಕಾಲೇಜುಗಳಲ್ಲಿಯೂ ಒಂದೇ ವೇಳೆಗೆ ಇಷ್ಟು ಮಂದಿಗಿಂತ ಹೆಚ್ಚಿನವರನ್ನು ಅಂಗಳಕ್ಕಿಳಿಸಬಾರದು ಎಂಬ ಅಲಿಖಿತ ಮಿತಿ ರೂಢಿಯಲ್ಲಿತ್ತು. ಈ ಮಿತಿ ಕ್ರಮೇಣ ಸಡಿಲಗೊಳ್ಳುತ್ತಿತ್ತೆಂಬುದೂ ನಿಜ. 1955 ಮತ್ತು 1956ರಲ್ಲಿ ಬಿಲ್ ರಸೆಲ್ ಆಡಿದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ ಪ್ರಶಸ್ತಿ ಗೆದ್ದಿತ್ತು. 1963ರಲ್ಲಿ ನಾಲ್ವರು ಕಪ್ಪುವರ್ಣೀಯರೊಡನೆ ಆಟ ಆರಂಭಿಸುತ್ತಿದ್ದ ಷಿಕಾಗೊದ ಲೊಯೋಲಾ ತಂಡವೂ ಗೆದ್ದಿತು. ಆದರೆ ಐವರೂ ಕಪ್ಪುವರ್ಣೀಯರೇ ಆಗಿ ಅಂತಿಮ ಪಂದ್ಯವನ್ನು ಆರಂಭಿಸಿದ ತಂಡ ಅದುವರೆಗೆ ಇರಲಿಲ್ಲ.

ಹ್ಯಾಸ್ಕಿನ್ಸ್‌ನ ಆಟಗಾರರು ದೂರದೂರದಿಂದ ಬಂದವರು. ಡೆಟ್ರಾಯಿಟ್ ಕಡೆಯಿಂದ ಬಾಬಿ ಜೋ ಹಿಲ್, ಹ್ಯೂಸ್ಟನ್‌ನಿಂದ ಡೇವಿಡ್ ಲ್ಯಾಟಿನ್, ಗ್ಯಾರಿ ನಗರದಿಂದ ಆರ್ಸ್ಟೆನ್ ಆರ್ಟಿಸ್ ಮತ್ತು ಹ್ಯಾರಿ ಫ್ಲೊರ್ನಾಯ್, ನ್ಯೂಯಾರ್ಕಿನಿಂದ ವಿಲ್ಲಿ ವರ್ಸ್ಲಿ, ನೆವಿಲ್ ಶೆಡ್ ಮತ್ತು ವಿಲ್ಲಿ ಕೇಗರ್. ತಂಡದಲ್ಲಿ ಬಿಳಿಯರೂ ಮೆಕ್ಸಿಕೊ ಮೂಲದವರೂ ಇದ್ದರು. 1965–66ರ ಋತುವಿನಲ್ಲಿ ಈ ತಂಡ 28 ಪಂದ್ಯಗಳನ್ನು ಗೆದ್ದು, ಸಿಯಾಟಲ್ ತಂಡಕ್ಕೆ ಒಂದನ್ನು ಮಾತ್ರ ಸೋತಿತು.

1966ರ ಅಂತಿಮ ಪಂದ್ಯ

1966ರ ಮಾರ್ಚ್ 19ರಂದು ಮೇರಿಲ್ಯಾಂಡಿನ ಕೋಲ್ ಫೀಲ್ಡ್ ಹೌಸ್‌ನಲ್ಲಿ ಅಂತಿಮ ಪಂದ್ಯ. ಎದುರಾಳಿ ಕೆಂಟಕಿ ವಿಶ್ವವಿದ್ಯಾಲಯ. ಅದಾಗಲೇ ನಾಲ್ಕು ಬಾರಿ ಪ್ರಶಸ್ತಿ ಗೆದ್ದಿದ್ದ ತಂಡ. ಅದರ ತರಬೇತುದಾರ ಅಡಾಲ್ಫ್ ರಪ್, ಆಟಗಾರರೆಲ್ಲರೂ ಬಿಳಿಯರು. ಕೆಂಟಕಿಯ ಆಟಗಾರರು ಎತ್ತರದವರಲ್ಲ, ವೇಗಿಗಳು. ಇದನ್ನರಿತ ಹ್ಯಾಸ್ಕಿನ್ಸ್, ಎತ್ತರದ ಶೆಡ್‌ನ ಬದಲು ಗಿಡ್ಡನಾದ ಚುರುಕಿನ ವರ್ಸ್ಲಿಯನ್ನು ಮೊದಲ ಐವರಲ್ಲಿ ಇಳಿಸಿದನು. ಐವರೂ ಕಪ್ಪುವರ್ಣೀಯರು, ಅಂದು ಅವನು ಆಡಿಸಿದ ಏಳು ಮಂದಿಯೂ ಕಪ್ಪುವರ್ಣೀಯರೇ. ಮೊದಲರ್ಧದಲ್ಲಿ ಹಿಲ್ ಬೆನ್ನುಬೆನ್ನಿಗೆ ಎರಡು ಸಲ ಎದುರಾಳಿಯ ಕೈಯಿಂದ ಚೆಂಡನ್ನು ಕಸಿದು ಬುಟ್ಟಿಗೆ ಹಾಕಿದನು. ಟೆಕ್ಸಾಸ್ ವೆಸ್ಟರ್ನ್ 72–65ರಿಂದ ಗೆದ್ದಿತು. ಹಿಲ್‌ನ ಗಳಿಕೆ 20 ಅಂಕ.

ಅಂಕಗಳ ವಿವರವನ್ನು ಗಮನಿಸಿದರೆ ಗೆಲುವಿನ ಬಗೆ ತಿಳಿಯುತ್ತದೆ. ಆಟದ ಓಟದಲ್ಲಿ ಹಾಕಿದ ಪ್ರತಿ ಬುಟ್ಟಿಗೆ ಆಗ ಎರಡು ಅಂಕ. ಎದುರಾಳಿಯ ತಪ್ಪಿಗೆ ಪ್ರತಿಯಾಗಿ ಸಿಗುವ ಫ್ರೀ ಥ್ರೋಗೆ ಒಂದು. ಕೆಂಟಕಿ 27 ಬುಟ್ಟಿ ಹಾಕಿದರೆ ಟೆಕ್ಸಾಸ್ ವೆಸ್ಟರ್ನ್ ಹಾಕಿದ್ದು 22 ಮಾತ್ರ. ಆದರೆ ಫ್ರೀ ಥ್ರೋಗಳಲ್ಲಿ ಕೆಂಟಕಿ 13ರಲ್ಲಿ 11ನ್ನು ಗಳಿಸಿದರೆ, ಟೆಕ್ಸಾಸ್ ವೆಸ್ಟರ್ನ್ 34ರಲ್ಲಿ 28ನ್ನು ಗಳಿಸಿತು. ಕಪ್ಪುವರ್ಣೀಯರಿಗೆ ದೇಹಬಲವಿದೆ, ಶಿಸ್ತು ಮತ್ತು ಸಂಯಮಗಳಿಲ್ಲ ಎಂಬ ಪೂರ್ವಗ್ರಹ ಆ ಕಾಲದ ಕ್ರೀಡಾಲೋಕದಲ್ಲಿ ಬೇರೂರಿತ್ತು. ಅಂದಿನ ಗೆಲುವಿಗೆ ಕಾರಣವಾದದ್ದು ಆ ಶಿಸ್ತು, ಆ ಸಂಯಮಗಳೇ.

ಗೆಲುವಿನ ನಂತರ

ವರ್ಣಭೇದವನ್ನು ಪ್ರಶ್ನಿಸುವುದು ತನ್ನ ಉದ್ದೇಶವಾಗಿರಲಿಲ್ಲ, ತನ್ನಲ್ಲಿದ್ದ ಉತ್ತಮ ಆಟಗಾರರನ್ನು ಆಡಿಸಿದೆನಷ್ಟೆ ಎಂದು ಹ್ಯಾಸ್ಕಿನ್ಸ್ ಮುಂದೆ ಹಲವು ಬಾರಿ ಹೇಳಿದನು. ಉದ್ದೇಶ ಏನೇ ಇದ್ದರೂ ಪರಿಣಾಮ ದೊಡ್ಡದು. ಕೆಂಟಕಿ ಸೇರಿದ್ದ ಆಗ್ನೇಯ ಕಾಲೇಜುಗಳ ಒಕ್ಕೂಟದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೆರಿ ವಾಲೇಸ್ 1967ರಲ್ಲಿ ಮೊದಲ ಕಪ್ಪುವರ್ಣೀಯ ಬಾಸ್ಕೆಟ್‌ಬಾಲ್ ಆಟಗಾರನಾಗಿ ಅಂಗಳಕ್ಕಿಳಿದನು. 1969ರಲ್ಲಿ ಕೆಂಟಕಿ ಕೂಡ ಟಾಮ್ ಪೇನ್ ಎಂಬಾತನನ್ನು ಸೇರಿಸಿಕೊಂಡಿತು.

ಹಾಗೆಂದು ಒಂದು ಪಂದ್ಯದಿಂದ ಎಲ್ಲವೂ ಬದಲಾಯಿತೆನ್ನುವಂತಿಲ್ಲ. ಗೆದ್ದ ಕಾಲೇಜಿನಲ್ಲಿಯೇ 1968ರಲ್ಲಿ ಕಪ್ಪುವರ್ಣೀಯ ಓಟಗಾರರೂ ಜಿಗಿತಗಾರರೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ವಿರುದ್ಧ ಸ್ಪರ್ಧಿಸಲು ನಿರಾಕರಿಸಿದರು. ಅದನ್ನು ನಡೆಸುತ್ತಿದ್ದ ಧರ್ಮಸಂಸ್ಥೆಯು ಕಪ್ಪುವರ್ಣೀಯರ ಕುರಿತು ತಳೆದಿದ್ದ ನಿಲುವಿಗೆ ಅವರ ಪ್ರತಿಭಟನೆ ಅದು. ಅವರನ್ನು ತಂಡದಿಂದ ಕೈಬಿಡಲಾಯಿತು. ಹಾಗೆ ಹೊರಬಿದ್ದವರಲ್ಲಿ ಬಾಬ್ ಬೀಮನ್ ಒಬ್ಬನು. ಅದೇ ವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅವನು 8.90 ಮೀಟರ್ ಉದ್ದ ಜಿಗಿದು ವಿಶ್ವದಾಖಲೆ ಬರೆದನು. ಆ ಕಾಲೇಜು ಕಪ್ಪುವರ್ಣೀಯ ಆಟಗಾರರನ್ನು ನಡೆಸಿಕೊಂಡ ರೀತಿಯನ್ನು ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಆ ವರ್ಷ ಕಟುವಾಗಿ ಟೀಕಿಸಿತು. ಅಂಗಳದಲ್ಲಿ ಸ್ಥಾನ ಕೊಡುವುದಕ್ಕೂ ಮಾತಾಡುವ ಹಕ್ಕನ್ನು ಮನ್ನಿಸುವುದಕ್ಕೂ ನಡುವೆ ಅಂತರವಿತ್ತು.

ಹ್ಯಾಸ್ಕಿನ್ಸ್ 1999ರವರೆಗೆ ಅಲ್ಲಿಯೇ ಉಳಿದು 719 ಪಂದ್ಯಗಳನ್ನು ಗೆಲ್ಲಿಸಿದನು. ನೇಟ್ ಆರ್ಚಿಬಾಲ್ಡ್, ಟಿಮ್ ಹಾರ್ಡವೇ ಮುಂತಾದ ಪ್ರಸಿದ್ಧರು ಅವನ ಕೈಯಲ್ಲಿ ಪಳಗಿದವರು. 1966ರ ಕಥೆ 2006ರಲ್ಲಿ ‘ಗ್ಲೋರಿ ರೋಡ್’ ಎಂಬ ಚಲನಚಿತ್ರವಾಯಿತು. ಅದರಲ್ಲಿ ಹ್ಯಾಸ್ಕಿನ್ಸ್ ಬಂದ ಮೊದಲ ವರ್ಷವೇ ಪ್ರಶಸ್ತಿ ಗೆಲ್ಲುತ್ತಾನೆ. ವಾಸ್ತವವಾಗಿ ಅದು ಅವನ ಐದನೆಯ ಋತು. ಕಥೆಗೆ ಒಬ್ಬ ನಾಯಕ, ಒಂದು ವರ್ಷ, ಒಂದು ರಾತ್ರಿ ಸಾಕು. ಚರಿತ್ರೆಗೆ ಅಷ್ಟು ಸಾಲದು. ಹ್ಯಾಸ್ಕಿನ್ಸ್‌ನ ಹಿಂದೆ ಚಾರ್ಲಿ ಬ್ರೌನ್ ಇದ್ದನು, ಬ್ರೌನ್‌ನ ಹಿಂದೆ ಥೆಲ್ಮಾ ವೈಟ್ ಇದ್ದಳು. ತೀರ್ಪು ಬರುವ ವೇಳೆಗೆ ಆಕೆ ನೆರೆಯ ನ್ಯೂ ಮೆಕ್ಸಿಕೊ ರಾಜ್ಯದ ಕಾಲೇಜಿಗೆ ಸೇರಿದ್ದಳು. ಅಲ್ಲಿಯೇ ಓದು ಮುಂದುವರಿಸಿದಳು. ತಾನು ತೆರೆಯಿಸಿದ ಕಾಲೇಜಿನ ತರಗತಿಗಳಲ್ಲಿ ಆಕೆ ಕೂರಲಿಲ್ಲ.